ಅಮೆರಿಕದ ಟಿವಿಯಲ್ಲಿ ನೂರಕ್ಕೆ 39 ಅಂದರೆ ಎಷ್ಟು?

(ಸ್ಕ್ರೀನ್ ಮೇಲೆ: ಚೌಕ ಚೌಕವಾಗಿ ಹತ್ತಾರು ಸುದ್ದಿ ನಿರೂಪಕರು, ಎಲ್ಲರ ಬಾಯಲ್ಲೂ ಒಂದೇ ಮಾತು)

2018ರಲ್ಲಿ ಡೆಡ್‌ಸ್ಪಿನ್ ಅನ್ನುವ ವೆಬ್‌ಸೈಟ್ ಹಾಕಿದ ಈ ವಿಡಿಯೋ ನೀವೂ ನೋಡಿರಬಹುದು. ಬೇರೆ ಬೇರೆ ಊರು, ಬೇರೆ ಬೇರೆ ಸ್ಟೇಷನ್. ಆದರೆ ಎಲ್ಲರೂ ಸುಳ್ಳು ಸುದ್ದಿ ಬಗ್ಗೆ ಒಂದೇ ಸಾಲು ಓದುತ್ತಿದ್ದಾರೆ, "ಇದು ನಮ್ಮ ಪ್ರಜಾಪ್ರಭುತ್ವಕ್ಕೆ ತುಂಬಾ ಅಪಾಯಕಾರಿ" ಅಂತ. ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ! ಇದನ್ನು ಬರೆದು ಕಳಿಸಿದ್ದು ಇವರೆಲ್ಲರ ಧಣಿ, ಸಿಂಕ್ಲೇರ್ ಅನ್ನುವ ಕಂಪನಿ.

ಅಲ್ಲಾ, ಒಂದೇ ಕಂಪನಿಗೆ ಅಷ್ಟು ಸ್ಟೇಷನ್ ಇಟ್ಟುಕೊಳ್ಳಲು ಬಿಟ್ಟವರು ಯಾರು? ಅದಕ್ಕೊಂದು ಮಿತಿ ಇಲ್ವಾ? ಇದೆ. ಕಾಗದದ ಮೇಲೆ 39 ಅಂತ ಬರೆದಿದೆ. ಇವತ್ತಿನ ಕಥೆ ಆ 39ನ್ನು ಎಣಿಸುವ ರೀತಿಯದ್ದು.

ಮೊದಲು ಒಂದು ವಿಷಯ. ನಮ್ಮಲ್ಲಿ ಲೋಕಲ್ ಚಾನೆಲ್ ಅಂದರೆ ಕೇಬಲ್‌ನವರು ನಡೆಸುವ ಚಾನೆಲ್, ಹಳೇ ಸಿನಿಮಾ, ಮಧ್ಯೆ ಊರಿನ ಸೀರೆ ಅಂಗಡಿ ಜಾಹೀರಾತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸ್ಟೇಷನ್‌ಗೆ ಸ್ವಂತ ತರಂಗಾಂತರ ಇರುತ್ತದೆ, ಸರ್ಕಾರದ ಲೈಸೆನ್ಸ್ ಇರುತ್ತದೆ, ಮನೆಯ ಆಂಟೆನಾದಲ್ಲಿ ಪುಕ್ಕಟೆ ಬರುತ್ತದೆ. ದೇಶವನ್ನು 210 ಟಿವಿ ಮಾರುಕಟ್ಟೆಗಳಾಗಿ ಹಂಚಿದ್ದಾರೆ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಅನ್ನುವ ದೊಡ್ಡ ರಾಷ್ಟ್ರೀಯ ನೆಟ್‌ವರ್ಕ್‌ಗಳ ಕಾರ್ಯಕ್ರಮಗಳು ಬಹಳಷ್ಟು ಊರುಗಳಲ್ಲಿ ಜನರಿಗೆ ತಲುಪುವುದು ಬೇರೆಯವರ ಒಡೆತನದ ಇಂಥ ಸ್ಟೇಷನ್‌ಗಳ ಮೂಲಕವೇ. ತರಂಗಾಂತರ ಜನರ ಸ್ವತ್ತು ಅನ್ನುವ ಲೆಕ್ಕದಲ್ಲಿ ಎಫ್‌ಸಿಸಿ ಅನ್ನುವ ಸರ್ಕಾರಿ ಸಂಸ್ಥೆ 8 ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸುತ್ತದೆ.

ಈಗ ಮಿತಿಗೆ ಬರೋಣ. ಒಂದು ಕಂಪನಿಯ ಸ್ಟೇಷನ್‌ಗಳೆಲ್ಲ ಸೇರಿ ದೇಶದ ಟಿವಿ ಮನೆಗಳಲ್ಲಿ ಇಷ್ಟು ಶೇಕಡಾವನ್ನು ಮಾತ್ರ ಮುಟ್ಟಬಹುದು. ಜನ ನೋಡಲಿ ಬಿಡಲಿ, ಸಿಗ್ನಲ್ ಮುಟ್ಟುವ ಮಾರುಕಟ್ಟೆಯಲ್ಲಿ ಮನೆ ಇದ್ದರೆ ಸಾಕು. 1985ರಲ್ಲಿ ಇದು 25 ಇತ್ತು. 1996ರಲ್ಲಿ 35 ಆಯಿತು. 2003ರಲ್ಲಿ ಎಫ್‌ಸಿಸಿ 45 ಮಾಡಲು ಹೊರಟಾಗ ಎಡದವರು ಬಲದವರು ಎಲ್ಲ ಸೇರಿ ಗಲಾಟೆ ಎಬ್ಬಿಸಿದರು. ಕೊನೆಗೆ 2004ರಲ್ಲಿ ಕಾಂಗ್ರೆಸ್ಸೇ, ಅಂದರೆ ಅವರ ಸಂಸತ್ತು, 39 ಅಂತ ಗೆರೆ ಎಳೆಯಿತು. ಯಾಕೆ 40 ಅಲ್ಲ, 38 ಅಲ್ಲ? ಸಿಬಿಎಸ್‌ನ ಮಾಲೀಕ ಕಂಪನಿ ವಯಾಕಾಮ್ ಮತ್ತು ಫಾಕ್ಸ್‌ನ ನ್ಯೂಸ್ ಕಾರ್ಪ್ ಆಗಲೇ 35 ದಾಟಿ 39ರ ಹತ್ತಿರ ಕೂತಿದ್ದವು. ಅವರು ಒಂದು ಸ್ಟೇಷನ್ನೂ ಮಾರಬೇಕಾಗದ ಹಾಗೆ ಅಳತೆ ತೆಗೆದು ಹೊಲಿದ ಅಂಗಿ ಇದು.

(ಸ್ಕ್ರೀನ್ ಮೇಲೆ: ಹಳೇ ಟಿವಿ, ಚಾನೆಲ್ ತಿರುಗಿಸುವ ಗುಂಡಿ)

ಇಲ್ಲಿಂದ ಮಜಾ ಶುರು. ಹಳೇ ಕಾಲದಲ್ಲಿ ಚಾನೆಲ್ 2ರಿಂದ 13ರವರೆಗೆ ವಿಎಚ್‌ಎಫ್, 14ರಿಂದ ಮೇಲೆ ಯುಎಚ್‌ಎಫ್. ಯುಎಚ್‌ಎಫ್ ಸಿಗ್ನಲ್ ದೂರ ಹೋಗುತ್ತಿರಲಿಲ್ಲ, ಚಿತ್ರದಲ್ಲಿ ಬರೀ ಚುಕ್ಕಿ. ಪಾಪ ಅಂತ 1985ರಲ್ಲಿ ಒಂದು ರಿಯಾಯಿತಿ ಕೊಟ್ಟರು: ಯುಎಚ್‌ಎಫ್ ಸ್ಟೇಷನ್ 10 ಲಕ್ಷ ಮನೆ ಮುಟ್ಟಿದರೆ 5 ಲಕ್ಷ ಅಂತ ಎಣಿಸಿ. ಆಗ ಅದರಲ್ಲಿ ಅರ್ಥ ಇತ್ತು. ಆದರೆ 2009ರ ಜೂನ್‌ನಲ್ಲಿ ಅಮೆರಿಕದ ಟಿವಿ ಪೂರ್ತಿ ಡಿಜಿಟಲ್ ಆಯಿತು, ಡಿಜಿಟಲ್‌ಗೆ ಯುಎಚ್‌ಎಫ್ಫೇ ವಾಸಿ. ಕಾಯಿಲೆ ಹೋಯಿತು, ಸಿಕ್‌ಲೀವ್ ಮಾತ್ರ ಉಳಿಯಿತು! 2016ರಲ್ಲಿ ಎಫ್‌ಸಿಸಿ ಇದನ್ನು ತೆಗೆದುಹಾಕಿತು. 2017ರ ಏಪ್ರಿಲ್‌ನಲ್ಲಿ ಎಫ್‌ಸಿಸಿಯ ಹೊಸ ಅಧ್ಯಕ್ಷರ ಕಾಲದಲ್ಲಿ ವಾಪಸ್ ತಂದಿತು. ಆ ಅಧ್ಯಕ್ಷರ ಹೆಸರು ಅಜಿತ್ ಪೈ. ಹೌದು, ಪೈ ಅಂದ ಕೂಡಲೇ ಮಂಗಳೂರು, ಉಡುಪಿ ಕಡೆಯವರ ಕಿವಿ ನೆಟ್ಟಗಾಗಿರಬೇಕು. ಭಾರತದಿಂದ ಹೋದ ಕೊಂಕಣಿ ಡಾಕ್ಟರ್ ದಂಪತಿಯ ಮಗ, ಬೆಳೆದಿದ್ದು ಕಾನ್ಸಾಸ್‌ನಲ್ಲಿ.

ಮರುತಿಂಗಳೇ ಸಿಂಕ್ಲೇರ್, ಟ್ರಿಬ್ಯೂನ್ ಅನ್ನುವ ಇನ್ನೊಂದು ಸ್ಟೇಷನ್ ಕಂಪನಿಯನ್ನು 390 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂತ ಬಂತು. ಎರಡೂ ಸೇರಿದರೆ ಮುಟ್ಟುವುದು ನೂರಕ್ಕೆ 72 ಮನೆ. ರಿಯಾಯಿತಿ ಹಾಕಿ ಎಣಿಸಿದರೂ 39ರ ಒಳಗೆ ಬರಲಿಲ್ಲ, ಹಾಗಾಗಿ ಕೆಲವು ಸ್ಟೇಷನ್ ಮಾರಲೇಬೇಕಿತ್ತು. ಮಾರಲು ಹೊರಟಿದ್ದು ಯಾರಿಗೆ ಗೊತ್ತಾ? ಟ್ರಿಬ್ಯೂನ್‌ನ ಕೈಲಿದ್ದ ಷಿಕಾಗೋದ ಡಬ್ಲ್ಯೂಜಿಎನ್ ಅನ್ನುವ ಹೆಸರಾಂತ ಸ್ಟೇಷನ್ನನ್ನು 6 ಕೋಟಿ ಡಾಲರ್‌ಗೆ ಮೇರಿಲ್ಯಾಂಡ್‌ನ ಒಬ್ಬ ಕಾರ್ ಡೀಲರ್‌ಗೆ. ಆ ಮನುಷ್ಯನಿಗೆ ಟಿವಿ ನಡೆಸಿ ಗೊತ್ತಿಲ್ಲ, ಸಿಂಕ್ಲೇರ್ ಮುಖ್ಯಸ್ಥರ ಜೊತೆ ವ್ಯವಹಾರ ಮಾತ್ರ ಇತ್ತು. ಸ್ಟೇಷನ್ ನಡೆಸುವುದು ಸಿಂಕ್ಲೇರ್, ಮುಂದೆ ಬೇಕಾದಾಗ ವಾಪಸ್ ಕೊಳ್ಳುವ ಹಕ್ಕೂ ಸಿಂಕ್ಲೇರ್‌ಗೇ.

ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಪಹಣಿಯಲ್ಲಿ ಹೆಸರು ಒಬ್ಬರದು, ಬೆಳೆ ಹೋಗುವುದು ಇನ್ನೊಬ್ಬರ ಕಣಜಕ್ಕೆ. ಅಮೆರಿಕದವರು ಇದಕ್ಕೆ 'ಸೈಡ್‌ಕಾರ್' ಅನ್ನುತ್ತಾರೆ, ಬೈಕ್ ಪಕ್ಕ ಅಂಟಿಸುವ ತೊಟ್ಟಿಲಿನ ಹಾಗೆ. ಒಂದು ವ್ಯತ್ಯಾಸ ಹೇಳಲೇಬೇಕು: ನಮ್ಮಲ್ಲಿ ಬೇನಾಮಿ ಅಪರಾಧ, ಅಲ್ಲಿ ಸ್ಟೇಷನ್‌ಗಳ ನಡುವೆ ಸೇವೆ ಹಂಚಿಕೊಳ್ಳುವ ಒಪ್ಪಂದ ಅನ್ನುವುದು ಅದರಷ್ಟಕ್ಕೆ ಕಾನೂನಿನ ಒಳಗೇ ಇದೆ. ಆದರೆ ಈ ಷಿಕಾಗೋ ವ್ಯಾಪಾರ ಎಫ್‌ಸಿಸಿಗೂ ಅತಿ ಅನ್ನಿಸಿತು. 2018ರ ಜುಲೈನಲ್ಲಿ ಅದೇ ಪೈ ಅವರೇ ಇದನ್ನು ವಿಚಾರಣೆಗೆ ತಳ್ಳಿದರು, ಆಗಸ್ಟ್‌ನಲ್ಲಿ ಟ್ರಿಬ್ಯೂನ್ ಕೈ ಕೊಡವಿತು. 2020ರಲ್ಲಿ ಈ ವಿಷಯವೂ ಸೇರಿ ಸಿಂಕ್ಲೇರ್ 4 ಕೋಟಿ 80 ಲಕ್ಷ ಡಾಲರ್ ದಂಡ ಕಟ್ಟಿತು. ಅಷ್ಟರಲ್ಲಿ ಟ್ರಿಬ್ಯೂನ್ ನೆಕ್ಸ್‌ಸ್ಟಾರ್ ಅನ್ನುವ ಇನ್ನೊಂದು ಕಂಪನಿಯ ಪಾಲಾಗಿತ್ತು.

ಇಷ್ಟೆಲ್ಲ ಸರ್ಕಸ್ ಯಾಕೆ? ಕಾಸು. 1992ರ ಕಾಯ್ದೆ ಪ್ರಕಾರ ಸ್ಟೇಷನ್‌ನವರು ಕೇಬಲ್ ಕಂಪನಿಗೆ "ನನ್ನ ಚಾನೆಲ್ ಹಾಕಬೇಕಾದರೆ ದುಡ್ಡು ಕೊಡು" ಅನ್ನಬಹುದು. ಒಂದು ಸ್ಟೇಷನ್ ಇದ್ದವನು ಕೇಳಿದರೆ ಕೇಬಲ್‌ನವನು ನಗುತ್ತಾನೆ. ಇನ್ನೂರು ಇದ್ದವನು ಕೇಳಿದರೆ ಎದ್ದು ಕುರ್ಚಿ ಹಾಕುತ್ತಾನೆ. ಮಾಲೀಕರ ವಾದ ಇನ್ನೊಂದಿದೆ: ಜಾಹೀರಾತೆಲ್ಲ ಗೂಗಲ್, ಫೇಸ್‌ಬುಕ್‌ಗೆ ಹೋಗುತ್ತಿದೆ, ಅವರಿಗೆ ಮಿತಿ ಇಲ್ಲ, ನಮಗೆ ಮಾತ್ರ ಯಾಕೆ? ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಹಾಗಿದ್ದರೆ ಸಂಸತ್ತಿಗೆ ಹೋಗಿ 39 ಬದಲಿಸಿ ಅಂತ ನೇರವಾಗಿ ಕೇಳಬೇಕು, ಎಣಿಕೆಯಲ್ಲಿ ಕೈಚಳಕ ಯಾಕೆ ಅನ್ನುವುದು ನನ್ನ ತಕರಾರು.

2025ರ ಆಗಸ್ಟ್‌ನಲ್ಲಿ ಇದೇ ನೆಕ್ಸ್‌ಸ್ಟಾರ್, ಟೆಗ್ನಾ ಕಂಪನಿಯನ್ನು 620 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಸೇರಿದರೆ 265 ಸ್ಟೇಷನ್, ನೂರಕ್ಕೆ 80 ಮನೆ! ಇದಕ್ಕೆ ಅರ್ಧ ಎಣಿಸುವ ಜಾಣತನವೂ ಸಾಲದು. ಗೆರೆಯನ್ನು ಎಫ್‌ಸಿಸಿ ತಾನೇ ಸಡಿಲಿಸಬಹುದಾ, ಕಾಂಗ್ರೆಸ್ಸೇ ಮಾಡಬೇಕಾ ಅನ್ನುವ ಹಳೇ ಜಗಳಕ್ಕೆ ಇದರಿಂದ ಮತ್ತೆ ಬಿಸಿ ಏರಿತು. ಮುಂದಿನ ತಿಂಗಳು ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಮೇಲೆ ಗರಂ ಆದ ದಿನವೇ, ಒಪ್ಪಿಗೆಗಾಗಿ ಅದೇ ಎಫ್‌ಸಿಸಿ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ನೆಕ್ಸ್‌ಸ್ಟಾರ್ ತನ್ನ ಎಬಿಸಿ ಸ್ಟೇಷನ್‌ಗಳಲ್ಲಿ ಕಿಮ್ಮೆಲ್ ಶೋ ನಿಲ್ಲಿಸಿತು. ಸಿಂಕ್ಲೇರ್ ಕೂಡ. ಒಪ್ಪಿಗೆಗೂ ಇದಕ್ಕೂ ಸಂಬಂಧ ಇಲ್ಲ ಅಂದಿತು ನೆಕ್ಸ್‌ಸ್ಟಾರ್. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

(ಸ್ಕ್ರೀನ್ ಮೇಲೆ: ಹುಡುಕುವ ಪೆಟ್ಟಿಗೆ, ಅದರಲ್ಲಿ ನಾಲ್ಕು ಅಕ್ಷರ)

ಡಲ್ಲಾಸ್, ಷಿಕಾಗೋ ಕಡೆ ಇರುವ ನಮ್ಮ ಕನ್ನಡದವರಿಗೆ ಒಂದು ಕೆಲಸ. ನಿಮ್ಮೂರ ಸ್ಟೇಷನ್‌ಗೆ ಡಬ್ಲ್ಯೂ ಅಥವಾ ಕೆ ಇಂದ ಶುರುವಾಗುವ ಒಂದು ಹೆಸರಿರುತ್ತದೆ. ಅದನ್ನು ಎಫ್‌ಸಿಸಿ ವೆಬ್‌ಸೈಟ್‌ನ ಸಾರ್ವಜನಿಕ ಕಡತದಲ್ಲಿ ಹುಡುಕಿ. ಲೈಸೆನ್ಸ್ ಯಾರ ಹೆಸರಲ್ಲಿದೆ, ಬೇರೆ ಸ್ಟೇಷನ್ ಜೊತೆ ಒಪ್ಪಂದ ಏನಾದರೂ ಇದೆಯಾ, ನೋಡಿ. ಎರಡು ಹೆಸರು ಸಿಕ್ಕರೆ ಎರಡನ್ನೂ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ.