ಮುಂದಿನ ಕ್ಲಾಸು ಕೇಳಿದ ಹುಡುಗಿಯರು

ಕೇಳುಗರಿಗೆ ನಮಸ್ಕಾರ.

ಇವತ್ತು ನಿಮಗೆ ಒಂದು ಶಾಲೆಯ ಕಥೆ ಹೇಳುತ್ತೇನೆ. ಕಲ್ಕತ್ತೆಯ ಬೆಥೂನ್ ಶಾಲೆ. ಹೆಣ್ಣುಮಕ್ಕಳ ಶಾಲೆ. ಅದು ಶುರುವಾದದ್ದು 1849ರ ಮೇ 7ರಂದು. ಸ್ವಂತ ಕಟ್ಟಡ ಇರಲಿಲ್ಲ. ದಕ್ಷಿಣಾರಂಜನ ಮುಖರ್ಜಿ ಎಂಬ ಶ್ರೀಮಂತರು ತಮ್ಮ ಮನೆಯಲ್ಲೇ ಜಾಗ ಬಿಟ್ಟುಕೊಟ್ಟಿದ್ದರು. ಬಂದ ಹುಡುಗಿಯರು 21 ಮಂದಿ.

ಭಾರತದ ಮೊದಲ ಹೆಣ್ಣುಮಕ್ಕಳ ಶಾಲೆ ಇದು ಅಂತ ಅಲ್ಲಲ್ಲಿ ಬರೆದಿರುತ್ತಾರೆ. ಅದು ಸರಿಯಲ್ಲ. ಮಿಷನರಿಗಳು 1820ರ ದಶಕದಲ್ಲೇ ಕಲ್ಕತ್ತೆಯಲ್ಲಿ ಇಂಥ ಶಾಲೆಗಳನ್ನು ತೆರೆದಿದ್ದರು. 1847ರಲ್ಲಿ ಕಲ್ಕತ್ತೆಯ ಹತ್ತಿರದ ಬಾರಾಸಾತ್‌ನಲ್ಲಿ ಬಂಗಾಳಿಗಳೇ ಒಂದು ಶಾಲೆ ಮಾಡಿದರು. ಮರುವರ್ಷ ಪುಣೆಯಲ್ಲಿ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ತಮ್ಮ ಶಾಲೆ ತೆರೆದರು. ಹಾಗಾದರೆ ಬೆಥೂನ್ ಶಾಲೆಯನ್ನೇ ಏಕೆ ಆರಿಸಿಕೊಂಡೆ ಅಂತ ನೀವು ಕೇಳಬಹುದು. ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಒಂದು, ಅಲ್ಲಿ ಓದಿದ ಹುಡುಗಿಯರು ಅದನ್ನು ಮಾಡಿದ್ದು ಇನ್ನೊಂದು. ಈ ಬದಲಾವಣೆ ಇಷ್ಟು ಸ್ಪಷ್ಟವಾಗಿ ಕಾಣುವ ಶಾಲೆಗಳು ಕಡಿಮೆ.

ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ ಗವರ್ನರ್ ಜನರಲ್ ಕೌನ್ಸಿಲಿನ ಕಾನೂನು ಸದಸ್ಯರಾಗಿ 1848ರಲ್ಲಿ ಭಾರತಕ್ಕೆ ಬಂದವರು. ಶಿಕ್ಷಣ ಮಂಡಳಿಗೂ ಅವರೇ ಅಧ್ಯಕ್ಷರು. ಗಂಡುಮಕ್ಕಳ ಓದಿಗೆ ಸರ್ಕಾರದ ಹಣ ಬರುತ್ತಿತ್ತು. ಹೆಣ್ಣುಮಕ್ಕಳ ವಿಷಯ ಬಂದರೆ ಸರ್ಕಾರ ದೂರ ನಿಲ್ಲುತ್ತಿತ್ತು. ಜನರ ಮನೆಯೊಳಗಿನ ಪದ್ಧತಿಗೆ ಕೈ ಹಾಕಿದರೆ ಏನಾಗುತ್ತದೋ ಎಂಬ ಅಂಜಿಕೆ. ಹಾಗಾಗಿ ಬೆಥೂನ್ ಸರ್ಕಾರವನ್ನು ಕಾಯಲಿಲ್ಲ. ಸ್ವಂತ ಹಣ ಹಾಕಿ ಶಾಲೆ ಶುರು ಮಾಡಿಬಿಟ್ಟರು. ದಕ್ಷಿಣಾರಂಜನ, ರಾಮಗೋಪಾಲ ಘೋಷ್, ಮದನಮೋಹನ ತರ್ಕಾಲಂಕಾರ ಇವರೆಲ್ಲ ಜೊತೆಗೆ ನಿಂತರು.

ಶಾಲೆಯ ನಿಯಮಗಳನ್ನು ನೋಡಿದರೆ ಬೆಥೂನ್ ಎಷ್ಟು ಯೋಚಿಸಿ ಹೆಜ್ಜೆ ಇಟ್ಟಿದ್ದರು ಅಂತ ತಿಳಿಯುತ್ತದೆ. ಪಾಠ ಬಂಗಾಳಿಯಲ್ಲಿ. ಇಂಗ್ಲಿಷ್ ಬೇಕು ಅಂತ ತಂದೆ ತಾಯಿ ಕೇಳಿದರೆ ಮಾತ್ರ ಇಂಗ್ಲಿಷ್. ಮಿಷನರಿ ಶಾಲೆಗಳಲ್ಲಿ ಬೈಬಲ್ ಓದಿಸುತ್ತಾರೆ ಎಂಬ ಕಾರಣಕ್ಕೇ ದೊಡ್ಡ ಮನೆಗಳವರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಧರ್ಮದ ಪಾಠವೇ ಇಲ್ಲ. ಹೊಲಿಗೆ, ಕಸೂತಿ, ಚಿತ್ರ ಬರೆಯುವುದು ಇತ್ತು. ಫೀಸು ಇರಲಿಲ್ಲ. ಮಾತೃಭಾಷೆಯ ವಿಷಯದಲ್ಲಿ ಬೆಥೂನ್ ಸುಮ್ನೆ ತೋರಿಕೆಗೆ ಮಾತಾಡಿದವರಲ್ಲ. ಅದೇ ಸುಮಾರಿಗೆ ಮೈಕೆಲ್ ಮಧುಸೂದನ ದತ್ತರು ಇಂಗ್ಲಿಷಿನಲ್ಲಿ ಬರೆದ ಕಾವ್ಯ ಅವರ ಕೈಗೆ ಬಂದಿತ್ತು. ಇಂಗ್ಲಿಷ್ ಬಿಟ್ಟು ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಅವರು ಸಲಹೆ ಕೊಟ್ಟರು. ಮುಂದೆ ಮಧುಸೂದನರು ಬಂಗಾಳಿಯ ಮಹಾಕವಿಯೇ ಆದರು.

ತರ್ಕಾಲಂಕಾರರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರು ಸಂಸ್ಕೃತ ಪಂಡಿತರು. ಹೆಣ್ಣುಮಕ್ಕಳು ಓದಬೇಕು ಅಂತ ಸಭೆಯಲ್ಲಿ ಮಾತಾಡಿದವರು ಆ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರು. ತಮ್ಮ ಮನೆಯ ಹುಡುಗಿಯನ್ನು ಕಳಿಸಿ ಎಂದಾಗ ಹಿಂದೆ ಸರಿದವರೂ ಬೇಕಾದಷ್ಟು. ತರ್ಕಾಲಂಕಾರರು ತಮ್ಮ ಇಬ್ಬರು ಮಕ್ಕಳು ಭುವನಮಾಲಾ ಮತ್ತು ಕುಂದಮಾಲಾ ಇಬ್ಬರನ್ನೂ ಮೊದಲಲ್ಲೇ ಸೇರಿಸಿದರು. ಸಂಬಳ ಇಲ್ಲದೆ ಪಾಠ ಹೇಳಿದರು. ಮಕ್ಕಳಿಗೆ ಓದಲು ಪುಸ್ತಕ ಇಲ್ಲ ಅಂತ ತಾವೇ ಕೂತು ಬರೆದುಕೊಟ್ಟರು. ಇದಕ್ಕೆಲ್ಲ ಪ್ರತಿಫಲವಾಗಿ ಊರಿನವರಿಂದ ಬಹಿಷ್ಕಾರ ಅನುಭವಿಸಿದರು. ಆದರ್ಶದ ಬೆಲೆ ಏನು ಅಂತ ಅವರನ್ನು ಕೇಳಬೇಕಿತ್ತು.

ಊರಿನ ಗೇಲಿಯೂ ಕಡಿಮೆ ಇರಲಿಲ್ಲ. ಓದಿದ ಹೆಂಗಸು ವಿಧವೆಯಾಗುತ್ತಾಳೆ ಎಂಬ ನಂಬಿಕೆ ಬಂಗಾಳದಲ್ಲಿ ಗಟ್ಟಿಯಾಗಿತ್ತು. ಪತ್ರಿಕೆಗಳಲ್ಲಿ ಚುಟುಕು ಕವಿತೆಗಳು ಬಂದವು. ಎ, ಬಿ, ಸಿ ಕಲಿತ ಹುಡುಗಿಯರು ನಾಳೆ ವ್ರತ ಬಿಟ್ಟು ಗಾಡಿ ಓಡಿಸುತ್ತಾರೆ ಎಂಬ ಧಾಟಿಯವು. ಹೆದರಿದ ಅಪ್ಪಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವೇಳೆಗೆ, ಅಂದರೆ 1850ರ ಕೊನೆಯಲ್ಲಿ, ಬೆಥೂನ್ ಒಬ್ಬರನ್ನು ಕಾರ್ಯದರ್ಶಿಯಾಗಿ ಕರೆತಂದರು. ಅವರೇ ಈಶ್ವರಚಂದ್ರ ವಿದ್ಯಾಸಾಗರ.

ದೊಡ್ಡ ಮನೆಯ ಹುಡುಗಿಯರು ಬೀದಿಯಲ್ಲಿ ನಡೆದು ಬರುವಂತಿರಲಿಲ್ಲ. ಅದಕ್ಕೆ ಶಾಲೆಯೇ ಕುದುರೆಗಾಡಿ ಕಳಿಸುತ್ತಿತ್ತು. ವಿದ್ಯಾಸಾಗರರು ಆ ಗಾಡಿಯ ಮೇಲೆ ಒಂದು ಸಂಸ್ಕೃತ ಸಾಲು ಬರೆಸಿದರು. 'ಕನ್ಯಾಪ್ಯೇವಂ ಪಾಲನೀಯಾ ಶಿಕ್ಷಣೀಯಾತಿಯತ್ನತಃ.' ಮಗಳನ್ನೂ ಹೀಗೆಯೇ ಸಾಕಬೇಕು, ತುಂಬ ಮುತುವರ್ಜಿಯಿಂದ ಓದಿಸಬೇಕು ಅಂತ. ಮಹಾನಿರ್ವಾಣ ತಂತ್ರ ಎಂಬ ಸಂಸ್ಕೃತ ಗ್ರಂಥದ ಸಾಲು. ಶಾಸ್ತ್ರ ಹಿಡಿದು ಜಗಳಕ್ಕೆ ಬರುವವರಿಗೆ ಶಾಸ್ತ್ರದಿಂದಲೇ ಉತ್ತರ. ವಿದ್ಯಾಸಾಗರರ ವರಸೆಯೇ ಅದು. ಮುಂದೆ ವಿಧವಾ ವಿವಾಹದ ವಾದದಲ್ಲೂ ಅವರು ಮಾಡಿದ್ದು ಇದನ್ನೇ.

ಆ ಶ್ಲೋಕಕ್ಕೆ ಇನ್ನೊಂದು ಸಾಲಿದೆ. ಓದಿಸಿದ ಮಗಳನ್ನು ಹಣ, ಒಡವೆ ಸಮೇತ ವಿದ್ವಾಂಸನಾದ ವರನಿಗೆ ಕೊಡಬೇಕು ಅಂತ. ಆ ಕಾಲದ ಎಲ್ಲರ ಲೆಕ್ಕವೂ ನಿಜವಾಗಿ ಅಷ್ಟೇ. ಓದಿದ ಗಂಡನಿಗೆ ಓದಿದ ಹೆಂಡತಿ. ಮಕ್ಕಳಿಗೆ ತಿಳಿವಳಿಕೆಯುಳ್ಳ ತಾಯಿ. ಬೆಥೂನ್ ಕೂಡ ಇದಕ್ಕಿಂತ ಬಹಳ ಮುಂದೆ ಯೋಚಿಸಿದ ಹಾಗೆ ಕಾಣುವುದಿಲ್ಲ. ಅವರನ್ನು ದೂರುತ್ತಿಲ್ಲ. ಹಾಗೆ ಹೇಳದೆ ಹೋಗಿದ್ದರೆ ಒಬ್ಬ ಅಪ್ಪನೂ ಮಗಳನ್ನು ಆ ಗಾಡಿ ಹತ್ತಿಸುತ್ತಿರಲಿಲ್ಲ, ಅಲ್ವಾ?

ಕಾರ್ನ್‌ವಾಲಿಸ್ ಚೌಕದಲ್ಲಿ ಶಾಲೆಗೆ ಕಟ್ಟಡ ಏಳುತ್ತಿತ್ತು. ಅದು ಮುಗಿಯುವ ಮೊದಲೇ, 1851ರ ಆಗಸ್ಟ್ 12ರಂದು ಬೆಥೂನ್ ತೀರಿಕೊಂಡರು. ವಯಸ್ಸು 50. ಗವರ್ನರ್ ಜನರಲ್ ಡಾಲ್‌ಹೌಸಿ ತಮ್ಮ ಕೈಯಿಂದ ಹಣ ಕೊಟ್ಟು ಶಾಲೆ ನಡೆಸಿದರು. ಅವರು 1856ರಲ್ಲಿ ಹೊರಟಾಗ ಸರ್ಕಾರ ಶಾಲೆಯನ್ನು ವಹಿಸಿಕೊಂಡಿತು. ಹೊಸ ಸಮಿತಿ ಆಯಿತು, ವಿದ್ಯಾಸಾಗರರೇ ಕಾರ್ಯದರ್ಶಿಯಾಗಿ ಮುಂದುವರಿದರು.

ಈ ಸಮಿತಿಯ ಒಂದು ನಿಯಮ ಹೇಳದೆ ಮುಂದೆ ಹೋಗುವಂತಿಲ್ಲ. ಶಾಲೆಗೆ ಪ್ರವೇಶ ಮರ್ಯಾದಸ್ಥ ಹಿಂದೂ ಮನೆತನದ ಹುಡುಗಿಯರಿಗೆ ಮಾತ್ರ. ಅಂದರೆ ಮೇಲ್ಜಾತಿಗೆ. ಬಡ ಕೆಲಸಗಾರರ ಮಗಳಿಗೆ ಇಲ್ಲ, ಮುಸ್ಲಿಂ ಹುಡುಗಿಗೆ ಇಲ್ಲ, ಕ್ರೈಸ್ತ ಹುಡುಗಿಗೆ ಇಲ್ಲ. ಪುಣೆಯಲ್ಲಿ ಫುಲೆ ದಂಪತಿ ಜಾತಿಯ ಬೇಲಿ ಮುರಿದು ಶಾಲೆ ನಡೆಸುತ್ತಿದ್ದ ಕಾಲದಲ್ಲೇ ಕಲ್ಕತ್ತೆಯಲ್ಲಿ ಬೇಲಿ ಹಾಕಿ ಶಾಲೆ ನಡೆಸಿದರು. ದೊಡ್ಡ ಮನೆಗಳನ್ನು ಒಲಿಸಲು ಇದು ಬೇಕಾಗಿತ್ತು ಅಂತ ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಹೊರಗೆ ಉಳಿದವರಿಗೆ ಆ ಸಮರ್ಥನೆಯಿಂದ ಏನೂ ಸಿಗಲಿಲ್ಲ.

ಮುಂದಿನ ಇಪ್ಪತ್ತು ವರ್ಷ ಶಾಲೆ ಕುಂಟುತ್ತಾ ನಡೆಯಿತು. ಹುಡುಗಿಯರು ಬರುತ್ತಿದ್ದರು, ಹತ್ತು ವರ್ಷ ತುಂಬುವ ಹೊತ್ತಿಗೆ ಮದುವೆಯಾಗಿ ಹೋಗುತ್ತಿದ್ದರು. ಮೇಲಿನ ತರಗತಿ ಮಾಡೋಣ ಅಂದರೆ ಕೂರುವವರೇ ಇಲ್ಲ. 1866ರಲ್ಲಿ ಇಂಗ್ಲೆಂಡಿನಿಂದ ಸಮಾಜ ಸುಧಾರಕಿ ಮೇರಿ ಕಾರ್ಪೆಂಟರ್ ಬಂದರು. ಹೆಂಗಸರಿಗೇ ಶಿಕ್ಷಕಿಯರ ತರಬೇತಿ ಕೊಡಿ ಎಂದರು. ಇದು ನಡೆಯುವ ಮಾತಲ್ಲ ಎಂದವರು ಯಾರು ಗೊತ್ತೇ? ವಿದ್ಯಾಸಾಗರರು. ಮರ್ಯಾದಸ್ಥ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಸಂಬಳದ ಕೆಲಸಕ್ಕೆ ಬಿಡುವುದಿಲ್ಲ ಅಂತ ಅವರ ಲೆಕ್ಕ. ತರಬೇತಿ ಶಾಲೆ ಶುರುವಾಯಿತು, 1872ರಲ್ಲಿ ಮುಚ್ಚಿಯೂ ಹೋಯಿತು. ಅವರ ಲೆಕ್ಕ ಆ ಹೊತ್ತಿಗೆ ಸರಿಯಾಗಿತ್ತು.

ಆ ಲೆಕ್ಕ ತಪ್ಪಿಸಿದ ಗಾಳಿ ಬಂದದ್ದು ಇನ್ನೊಂದು ಶಾಲೆಯಿಂದ. ಆನೆಟ್ ಆಕ್ರಾಯ್ಡ್ ಎಂಬ ಇಂಗ್ಲಿಷ್ ಮಹಿಳೆ 1873ರಲ್ಲಿ ಕಲ್ಕತ್ತೆಯಲ್ಲಿ ದೊಡ್ಡ ಹುಡುಗಿಯರಿಗೆ ವಸತಿ ಶಾಲೆ ತೆರೆದರು. ಜೊತೆಗಿದ್ದವರು ಬ್ರಹ್ಮ ಸಮಾಜದ ತರುಣರು, ದ್ವಾರಕಾನಾಥ ಗಂಗೂಲಿ, ದುರ್ಗಾಮೋಹನ ದಾಸ್ ಮುಂತಾದವರು. ಆಗ ಬ್ರಹ್ಮ ಸಮಾಜದೊಳಗೇ ದೊಡ್ಡ ಜಗಳ. ನಾಯಕ ಕೇಶವಚಂದ್ರ ಸೇನರಿಗೆ ಹೆಣ್ಣುಮಕ್ಕಳು ಓದಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಜ್ಯಾಮಿತಿ, ತರ್ಕಶಾಸ್ತ್ರ ಇವೆಲ್ಲ ಅವರಿಗೆ ಏಕೆ? ಮನೆಗೆ ಬೇಕಾದಷ್ಟು ಸಾಲದೇ? ತರುಣರು ಒಪ್ಪಲಿಲ್ಲ. ಹುಡುಗರು ಏನು ಓದುತ್ತಾರೋ ಹುಡುಗಿಯರೂ ಅದನ್ನೇ ಓದಲಿ ಎಂದರು. ಆಕ್ರಾಯ್ಡ್ ಶಾಲೆ ನಿಂತ ಮೇಲೆ 1876ರಲ್ಲಿ ಬಂಗ ಮಹಿಳಾ ವಿದ್ಯಾಲಯ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಗಂಗೂಲಿಯವರು ಅಲ್ಲಿ ಮೇಷ್ಟ್ರು ಮಾತ್ರವಲ್ಲ. ಪುಸ್ತಕ ಬರೆಯುವುದರಿಂದ ಹಿಡಿದು ಮನೆವಾರ್ತೆಯವರೆಗೆ ಎಲ್ಲ ಅವರದೇ ಓಡಾಟ.

1878ರಲ್ಲಿ ಈ ಶಾಲೆ ಬೆಥೂನ್ ಶಾಲೆಯೊಳಗೆ ಸೇರಿಹೋಯಿತು. ನನ್ನ ಪ್ರಕಾರ ಬೆಥೂನ್ ಶಾಲೆ ನಿಜವಾದ ಹೈಸ್ಕೂಲು ಆದದ್ದು ಆ ದಿನ. ಒಂದು ಕಡೆ ಕಟ್ಟಡ ಇತ್ತು, ಸರ್ಕಾರದ ಹಣ ಇತ್ತು, ಮೇಲಿನ ತರಗತಿ ಇರಲಿಲ್ಲ. ಇನ್ನೊಂದು ಕಡೆ ಹಣ ಇರಲಿಲ್ಲ, ಓದುವ ಹಟ ಇತ್ತು. ಹಾಗೆ ಬಂದ ಹುಡುಗಿಯರಲ್ಲಿ ಒಬ್ಬಳು ಕಾದಂಬಿನಿ ಬಸು.

ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೂ ಎಂಟ್ರೆನ್ಸ್ ಪರೀಕ್ಷೆ ಬರೆಯಲು ಒಪ್ಪಿಗೆ ಕೊಟ್ಟಿತು. ಕಾದಂಬಿನಿ ಬರೆದಳು, ಪಾಸಾದಳು. ಒಂದೇ ಒಂದು ಅಂಕದಲ್ಲಿ ಫಸ್ಟ್ ಡಿವಿಷನ್ ತಪ್ಪಿತು. ಪಾಸಾದವಳು ಮುಂದೆ ಏನು ಮಾಡಬೇಕು? ಹುಡುಗಿಯರಿಗೆ ಕಾಲೇಜೇ ಇಲ್ಲ. ಆಗ ಸರ್ಕಾರ ಮಾಡಿದ್ದು ನನಗೆ ಇವತ್ತಿಗೂ ತಮಾಷೆ ಎನಿಸುತ್ತದೆ, ಸಂತೋಷವೂ ಆಗುತ್ತದೆ. 1879ರಲ್ಲಿ ಬೆಥೂನ್ ಶಾಲೆಯಲ್ಲೇ ಕಾಲೇಜು ತರಗತಿ ತೆರೆಯಿತು. ವಿದ್ಯಾರ್ಥಿನಿ ಒಬ್ಬಳೇ. ಅವಳಿಗೆ ಪಾಠ ಹೇಳಲು ಒಬ್ಬ ಅಧ್ಯಾಪಕರು. ಅದು ಬೆಥೂನ್ ಕಾಲೇಜಿನ ಹುಟ್ಟು. ದೊಡ್ಡವರ ಯಾವ ಯೋಜನೆಯಲ್ಲೂ ಇದು ಇರಲಿಲ್ಲ. ಒಬ್ಬ ಹುಡುಗಿ ಮುಂದಿನ ಕ್ಲಾಸು ಕೇಳಿದಳು, ಕ್ಲಾಸು ಬಂತು.

ಇನ್ನೊಬ್ಬಳು ಚಂದ್ರಮುಖಿ ಬಸು. ಡೆಹ್ರಾಡೂನಿನಲ್ಲಿ ಬೆಳೆದವಳು. 1876ರಲ್ಲೇ, ಅಂದರೆ ಕಾದಂಬಿನಿಗಿಂತ ಮೊದಲೇ, ಎಂಟ್ರೆನ್ಸ್ ಮಟ್ಟ ಮುಟ್ಟಿದ್ದಳು. ಆದರೆ ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವಳ ಹೆಸರನ್ನು ಪಾಸಾದವರ ಪಟ್ಟಿಗೆ ಸೇರಿಸಲಿಲ್ಲ. ಕ್ರೈಸ್ತಳಾದ್ದರಿಂದ ಬೆಥೂನ್ ಶಾಲೆಗೂ ಪ್ರವೇಶ ಇರಲಿಲ್ಲ. ಮಿಷನರಿ ಸಂಸ್ಥೆಯಲ್ಲಿ ಓದಿದಳು. ಬಿ.ಎ. ಹೊತ್ತಿಗೆ ಆ ಬಾಗಿಲು ತೆರೆಯಿತು. 1883ರಲ್ಲಿ ಕಾದಂಬಿನಿ, ಚಂದ್ರಮುಖಿ ಇಬ್ಬರೂ ಪದವಿ ಪಡೆದರು. ಭಾರತದ ವಿಶ್ವವಿದ್ಯಾಲಯದಿಂದ ಬಿ.ಎ. ಆದ ಮೊದಲ ಹೆಂಗಸರು ಇವರೇ. ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊದಲು ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಅದು ನಿಜವಲ್ಲ. ನ್ಯೂಜಿಲೆಂಡಿನಲ್ಲಿ 1877ರಲ್ಲಿ, ಲಂಡನ್ನಿನಲ್ಲಿ 1880ರಲ್ಲಿ ಹೆಂಗಸರು ಪದವಿ ಪಡೆದಿದ್ದರು. ಆದರೆ ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ಹೆಮ್ಮೆಪಡಲು ಇಷ್ಟು ಸಾಕು.

ಕಾದಂಬಿನಿ ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾಗಿ, ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿ ಡಾಕ್ಟರಾದರು. ಒಂದು ಪತ್ರಿಕೆ ಅವರ ನಡತೆಯ ಬಗ್ಗೆ ಕೀಳಾಗಿ ಬರೆಯಿತು. ಗಂಡ ಹೆಂಡತಿ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸಂಪಾದಕನಿಗೆ ಜೈಲಾಯಿತು. ಚಂದ್ರಮುಖಿ ಎಂ.ಎ. ಮುಗಿಸಿ ಬೆಥೂನ್‌ನಲ್ಲೇ ಪಾಠಕ್ಕೆ ನಿಂತರು, ಮುಂದೆ ಬೆಥೂನ್ ಕಾಲೇಜಿನ ಪ್ರಿನ್ಸಿಪಾಲರಾದರು. ಯಾವ ಆವರಣಕ್ಕೆ ಪ್ರವೇಶ ಇಲ್ಲ ಅಂದಿದ್ದರೋ ಆ ಆವರಣವನ್ನೇ ನಡೆಸಿದರು.

ಶಾಲೆಯೊಳಗಿನ ಗಾಳಿಯೂ ಬದಲಾಗಿತ್ತು. 1883ರಲ್ಲಿ ರಾಜಕೀಯ ನಾಯಕ ಸುರೇಂದ್ರನಾಥ ಬ್ಯಾನರ್ಜಿಯವರನ್ನು ಕೋರ್ಟು ನಿಂದನೆಗಾಗಿ ಜೈಲಿಗೆ ಹಾಕಿದರು. ಸರ್ಕಾರದ ಹಣದಲ್ಲಿ ನಡೆಯುವ ಈ ಶಾಲೆಯ ಹುಡುಗಿಯರು ಕಪ್ಪು ಪಟ್ಟಿ ಧರಿಸಿ ಕ್ಲಾಸಿಗೆ ಬಂದರು. ಮುಂದಾಳುಗಳು ದೊಡ್ಡ ಕ್ಲಾಸಿನ ಕಾಮಿನಿ ಸೇನ್ ಮತ್ತು ಅಬಲಾ ದಾಸ್. ಕಾಮಿನಿ ಮುಂದೆ ಸಂಸ್ಕೃತದಲ್ಲಿ ಆನರ್ಸ್ ಮಾಡಿ ಕಾಮಿನಿ ರಾಯ್ ಎಂಬ ಹೆಸರಿನಲ್ಲಿ ಕವಯಿತ್ರಿಯಾದರು. ಅಬಲಾ ವಿಜ್ಞಾನಿ ಜಗದೀಶಚಂದ್ರ ಬೋಸರನ್ನು ಮದುವೆಯಾದರು, ಹೆಣ್ಣುಮಕ್ಕಳ ಶಾಲೆಗಳಿಗಾಗಿ ದುಡಿದರು. ಅವರನ್ನು ನೋಡಿ ಪಟ್ಟಿ ಕಟ್ಟಿಕೊಂಡ ಚಿಕ್ಕ ಹುಡುಗಿ ಸರಳಾದೇವಿ, ರವೀಂದ್ರನಾಥ ಠಾಕೂರರ ಸೋದರ ಸೊಸೆ.

ಈ ಸರಳಾದೇವಿಯ ಹೆಸರು ನಮ್ಮ ಕಡೆಗೂ ಬರುತ್ತದೆ. 1890ರಲ್ಲಿ ಬೆಥೂನ್‌ನಿಂದ ಬಿ.ಎ. ಆದ ಮೇಲೆ ಅವರು ಮೈಸೂರಿನ ಮಹಾರಾಣಿ ಶಾಲೆಗೆ ಟೀಚರಾಗಿ ಬಂದರು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಗಂಡಸರ ಹಾಗೆ ತಾನೂ ದುಡಿದು ಬದುಕಬೇಕು ಎಂಬ ಆಸೆ ಅಷ್ಟೇ. ಮರ್ಯಾದಸ್ಥ ಮನೆಯವರು ಸಂಬಳದ ಕೆಲಸಕ್ಕೆ ಬಿಡುವುದಿಲ್ಲ ಎಂದು ವಿದ್ಯಾಸಾಗರರು ಹೇಳಿ ಮೂವತ್ತು ವರ್ಷವೂ ಆಗಿರಲಿಲ್ಲ.

ಆಮೇಲಿನ ಕಥೆ ಬಹಳ ಜನಕ್ಕೆ ಗೊತ್ತು. ಬೀನಾ ದಾಸ್, ಪ್ರೀತಿಲತಾ ವಡ್ಡೇದಾರ್, ಕಲ್ಪನಾ ದತ್ತ, ಈ ಕ್ರಾಂತಿಕಾರಿಯರೆಲ್ಲ ಬೆಥೂನ್ ಕಾಲೇಜಿನಲ್ಲಿ ಓದಿದವರು. ಬೀನಾ ಮತ್ತು ಪ್ರೀತಿಲತಾ ಇಬ್ಬರ ಪದವಿಯನ್ನೂ ಬ್ರಿಟಿಷ್ ಸರ್ಕಾರ ತಡೆಹಿಡಿಯಿತು. ಅವರ ಹೆಸರಿಗೆ ಆ ಪದವಿ ಸಂದದ್ದು 2012ರಲ್ಲಿ.

ಮುಸ್ಲಿಂ ಹುಡುಗಿಯರ ವಿಷಯ ಬಾಕಿ ಇದೆ. ಅವರಿಗೆ ದಾರಿ ನಿಧಾನವಾಗಿ ತೆರೆಯಿತು. ಲೇಖಕಿ ಬೇಗಂ ರೋಕೆಯಾ ಕಲ್ಕತ್ತೆಯಲ್ಲಿ ಅವರಿಗಾಗಿಯೇ 1911ರಲ್ಲಿ ಬೇರೆ ಶಾಲೆ ಶುರು ಮಾಡಬೇಕಾಯಿತು. ವಿದ್ಯಾರ್ಥಿನಿಯರು 8 ಮಂದಿ. 1920ರ ದಶಕದಲ್ಲಿ ಪೂರ್ವ ಬಂಗಾಳದ ಟಾಂಗಾಯಿಲ್ ಕಡೆಯ ಹುಡುಗಿಯೊಬ್ಬಳು ಬೆಥೂನ್ ಕಾಲೇಜಿಗೆ ಬಂದಳು. ಹೆಸರು ಫಜಿಲತುನ್ನಿಸಾ. 1925ರಲ್ಲಿ ಬಿ.ಎ. ಮುಗಿಸಿ, ಢಾಕಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದಳು, ಇಂಗ್ಲೆಂಡಿಗೂ ಹೋಗಿ ಬಂದಳು. 1935ರಲ್ಲಿ ಅವರು ಬೆಥೂನ್ ಕಾಲೇಜಿಗೆ ಅಧ್ಯಾಪಕಿಯಾಗಿ ಮರಳಿದರು. ಕಲಿಸಿದ ವಿಷಯ ಗಣಿತ.

ನಮಸ್ಕಾರ.