52.5 ಕೋಟಿ ಡಾಲರ್ ಕೊಟ್ಟು ಓಯೋ ಕೊಂಡದ್ದು ಏನನ್ನು? ಮೋಟೆಲ್ 6ರ ಕಥೆ

[ತೆರೆಯ ಮೇಲೆ ಎರಡು ಅಂಕಿ: 2012, 190 ಕೋಟಿ ಡಾಲರ್. 2024, 52.5 ಕೋಟಿ ಡಾಲರ್.]

ನಮಸ್ಕಾರ. ಅಮೆರಿಕದ ಹೆದ್ದಾರಿಗಳ ಪಕ್ಕದಲ್ಲಿ ಮೋಟೆಲ್ 6 ಅಂತ ಒಂದು ಬೋರ್ಡು ಕಾಣುತ್ತದೆ. ಕಡಿಮೆ ದುಡ್ಡಿಗೆ ರೂಮು ಕೊಡುವ ಹೋಟೆಲ್ ಸರಣಿ ಅದು. 2012ರಲ್ಲಿ ಬ್ಲ್ಯಾಕ್‌ಸ್ಟೋನ್ ಅನ್ನೋ ಹೂಡಿಕೆ ಕಂಪನಿ ಅದನ್ನು 190 ಕೋಟಿ ಡಾಲರ್‌ಗೆ ಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಭಾರತದ ಓಯೋಗೆ ಮಾರುವುದಾಗಿ ಘೋಷಿಸಿತು. ಬೆಲೆ 52.5 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 4,400 ಕೋಟಿ ರೂಪಾಯಿ.

ಬ್ಲ್ಯಾಕ್‌ಸ್ಟೋನ್ ಕೈ ಸುಟ್ಟುಕೊಂಡಿತು ಅನ್ನಿಸುತ್ತದೆ, ಅಲ್ವಾ? ಆದರೆ ಅವರು ಹೇಳಿದ್ದೇ ಬೇರೆ. ಹೂಡಿಕೆದಾರರ ಹಣ ಮೂರು ಪಟ್ಟಿಗಿಂತ ಜಾಸ್ತಿ ಆಗಿದೆ, 100 ಕೋಟಿ ಡಾಲರ್‌ಗಿಂತ ಹೆಚ್ಚು ಲಾಭ ಬಂದಿದೆ ಅಂದರು. ಮೋಟೆಲ್‌ಗಳ ಸಂಖ್ಯೆಯೂ ಕಡಿಮೆ ಆಗಿರಲಿಲ್ಲ. 2012ರಲ್ಲಿ ಸುಮಾರು 1,100 ಇದ್ದದ್ದು 2024ರ ಹೊತ್ತಿಗೆ ಸುಮಾರು 1,500 ಆಗಿತ್ತು.

ಮೋಟೆಲ್ ಹೆಚ್ಚಾಗಿವೆ, ಬೆಲೆ ಮೂರನೇ ಒಂದು ಭಾಗಕ್ಕೂ ಕೆಳಗೆ ಇಳಿದಿದೆ, ಆದರೂ ಮಾರಿದವರಿಗೆ ಲಾಭ. ಇದು ಹೇಗೆ ಅನ್ನೋದನ್ನು ಇವತ್ತು ಬಿಡಿಸಿ ನೋಡೋಣ. ಅದಕ್ಕೆ 1962ಕ್ಕೆ ಹೋಗಬೇಕು.

[ದೃಶ್ಯ: ಕ್ಯಾಲಿಫೋರ್ನಿಯಾದ ನಕ್ಷೆ. ಸಾಂತಾ ಬಾರ್ಬರಾ ಮೇಲೆ ಗುರುತು.]

1956ರಲ್ಲಿ ಅಮೆರಿಕ ಸರ್ಕಾರ 41,000 ಮೈಲಿ ಅಂತರರಾಜ್ಯ ಹೆದ್ದಾರಿ ಕಟ್ಟಲು ಕಾನೂನು ತಂದಿತು. ಜನ ಕುಟುಂಬ ಸಮೇತ ಕಾರು ಹತ್ತಿ ದೂರದೂರದ ಊರಿಗೆ ಹೊರಡತೊಡಗಿದರು. ರಾತ್ರಿ ತಂಗಲು ಜಾಗ ಬೇಕಲ್ಲ? ದೊಡ್ಡ ಸರಣಿಗಳ ಹೋಟೆಲ್‌ನಲ್ಲಿ ರೆಸ್ಟೋರೆಂಟು, ಈಜುಕೊಳ ಎಲ್ಲ ಇರುತ್ತಿತ್ತು, ಬಾಡಿಗೆಯೂ ಅದಕ್ಕೆ ತಕ್ಕಂತೆ. ಒಂಟಿ ಮೋಟೆಲ್‌ಗಳು ಅಗ್ಗ, ಆದರೆ ಒಳಗೆ ಕಾಲಿಡುವ ತನಕ ರೂಮು ಹೇಗಿದೆ ಅಂತ ಗೊತ್ತಾಗುತ್ತಿರಲಿಲ್ಲ.

ಸಾಂತಾ ಬಾರ್ಬರಾದಲ್ಲಿ ವಿಲಿಯಂ ಬೆಕರ್ ಮತ್ತು ಪಾಲ್ ಗ್ರೀನ್ ಅಂತ ಇಬ್ಬರು ಕಟ್ಟಡ ಗುತ್ತಿಗೆದಾರರಿದ್ದರು. ಇವರು ಲೆಕ್ಕವನ್ನು ತಿರುಗಿಸಿ ಹಾಕಿದರು. ಸಾಮಾನ್ಯವಾಗಿ ಮೊದಲು ಹೋಟೆಲ್ ಕಟ್ಟುತ್ತಾರೆ, ಆಮೇಲೆ ಬಾಡಿಗೆ ಎಷ್ಟು ಅಂತ ಯೋಚನೆ ಮಾಡುತ್ತಾರೆ. ಇವರು ಬಾಡಿಗೆಯನ್ನೇ ಮೊದಲು ಇಟ್ಟುಕೊಂಡರು. ನೆಲದ ಗುತ್ತಿಗೆ, ಕಟ್ಟಡದ ಖರ್ಚು, ಗುಡಿಸಿ ಒರೆಸುವವರ ಸಂಬಳ, ಇಷ್ಟೂ ಹೋಗಿ ಸ್ವಲ್ಪ ಲಾಭ ಉಳಿಯಲು ಕನಿಷ್ಠ ಎಷ್ಟು ಬೇಕು? 4 ಡಾಲರ್, 5 ಡಾಲರ್ ಅಂತ ಲೆಕ್ಕ ಹಾಕಿ ಕೊನೆಗೆ 6ಕ್ಕೆ ನಿಂತರು. ಆ ಬಾಡಿಗೆಯನ್ನೇ ಹೆಸರಿಗೆ ಸೇರಿಸಿದರು. ಇವತ್ತಿನ ಹಣದಲ್ಲಿ ಅದು ಸುಮಾರು 60 ಡಾಲರ್.

1962ರಲ್ಲಿ ತೆರೆದ ಮೊದಲ ಮೋಟೆಲ್‌ನಲ್ಲಿ 54 ರೂಮು. ಕಾರನ್ನು ಬಾಗಿಲ ಮುಂದೆಯೇ ನಿಲ್ಲಿಸಬಹುದು. ರೆಸ್ಟೋರೆಂಟು ಇಲ್ಲ. ಟಿವಿ ಇತ್ತು, ಕಪ್ಪು ಬಿಳುಪಿನದು, ಆದರೆ ನಾಣ್ಯ ಹಾಕಿದರೆ ಮಾತ್ರ ಚಿತ್ರ ಬರುತ್ತಿತ್ತು. ಟಿವಿ ನೋಡದವನು ಟಿವಿಯ ಖರ್ಚು ಯಾಕೆ ಹೊರಬೇಕು ಅನ್ನೋ ಯೋಚನೆ. ಗಿರಾಕಿ ಬಳಸದ ಒಂದು ಪೈಸೆಯೂ ಬಾಡಿಗೆಯಲ್ಲಿ ಸೇರಬಾರದು ಅನ್ನೋ ಹಟ ಅದು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ ಭಾಗ. ಇಲ್ಲಿ ನೆಲದ ಗುತ್ತಿಗೆ ಅವರದು, ಕಟ್ಟಿಸಿದವರು ಅವರು, ಬೋರ್ಡು ಅವರದು, ನಡೆಸುವವರೂ ಅವರೇ. ಎಲ್ಲವೂ ಒಂದೇ ಕೈಯಲ್ಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

[ದೃಶ್ಯ: ಮಾಲೀಕರ ಹೆಸರು ಒಂದೊಂದಾಗಿ ಬದಲಾಗುವ ಪಟ್ಟಿ.]

1968ರಲ್ಲಿ ಬೆಕರ್ ಮತ್ತು ಗ್ರೀನ್ ಕಂಪನಿಯನ್ನು ಸಿಟಿ ಇನ್ವೆಸ್ಟಿಂಗ್‌ಗೆ ಮಾರಿಬಿಟ್ಟರು. 1985ರಲ್ಲಿ ಅದನ್ನು ಕೆಕೆಆರ್ ಅನ್ನೋ ಹೂಡಿಕೆ ಕಂಪನಿ ಕೊಂಡಿತು, ಸುಮಾರು 88 ಕೋಟಿ ಡಾಲರ್‌ಗೆ. ಕೆಕೆಆರ್ ಹೆಸರುವಾಸಿಯಾಗಿದ್ದೇ ಸಾಲ ಮಾಡಿ ಕಂಪನಿ ಕೊಳ್ಳುವುದರಲ್ಲಿ. ಸಾಲದ ಹೊರೆ ಕೊಂಡ ಕಂಪನಿಯ ತಲೆಯ ಮೇಲೆಯೇ ಬೀಳುತ್ತದೆ.

ಆ ಹೊತ್ತಿಗೆ ಮೋಟೆಲ್ 6ರಲ್ಲಿ ರೂಮುಗಳು ಖಾಲಿ ಉಳಿಯುವುದು ಜಾಸ್ತಿ ಆಗಿತ್ತು. ಬೇರೆ ಅಗ್ಗದ ಸರಣಿಗಳು ಬಂದಿದ್ದವು. ರೂಮಿನಲ್ಲಿ ಫೋನಿಲ್ಲ, ಟಿವಿಗೆ ಬೇರೆ ದುಡ್ಡು ಅಂದರೆ ಜನ ಒಪ್ಪುತ್ತಿರಲಿಲ್ಲ. ಹೊಸ ಮಾಲೀಕರು ಫೋನ್ ಹಾಕಿಸಿದರು, ಟಿವಿ ಉಚಿತ ಮಾಡಿದರು. 1986ರಲ್ಲಿ ರೇಡಿಯೋ ಜಾಹೀರಾತು ಶುರು ಮಾಡಿದರು. ರೇಡಿಯೋವೇ ಯಾಕೆ ಅಂದರೆ, ಇವರ ಗಿರಾಕಿ ಕಾರು ಓಡಿಸುತ್ತಾ ಕೇಳುವುದು ಅದನ್ನೇ.

ಅಲಾಸ್ಕಾದಲ್ಲಿದ್ದ ಟಾಮ್ ಬೋಡೆಟ್ ಅನ್ನೋರು ಅದಕ್ಕೆ ದನಿ ಕೊಟ್ಟರು. ಬರೆದುಕೊಟ್ಟದ್ದನ್ನು ಓದಿ ಮುಗಿಸಿದ ಮೇಲೆ ಕೆಲವು ಸೆಕೆಂಡು ಉಳಿಯಿತು. ಅದನ್ನು ತುಂಬಿಸಲು ಅವರೇ ಒಂದು ಮಾತು ಸೇರಿಸಿದರು: ನಿಮಗಾಗಿ ದೀಪ ಹಚ್ಚಿಟ್ಟಿರುತ್ತೇವೆ. ಆ ಒಂದು ಸಾಲು ದಶಕಗಳ ಕಾಲ ಉಳಿಯಿತು. ಈ ಸಾಲಿನ ಬಗ್ಗೆ ಯಾಕೆ ಹೇಳಿದೆ ಅಂದರೆ, ಹೆಸರಿಗೂ ಒಂದು ಬೆಲೆ ಇದೆ ಅನ್ನೋದು ಅಲ್ಲಿಂದ ಎದ್ದು ಕಾಣಲು ಶುರುವಾಯಿತು.

1990ರಲ್ಲಿ ಫ್ರಾನ್ಸಿನ ಅಕೋರ್ ಬಂತು. ಐಬಿಸ್, ಫಾರ್ಮುಲ್ 1 ಥರದ ಅಗ್ಗದ ಹೋಟೆಲ್‌ಗಳನ್ನು ನಡೆಸಿ ಗೊತ್ತಿದ್ದ ಕಂಪನಿ. ಐನೂರಕ್ಕೂ ಹೆಚ್ಚು ಮೋಟೆಲ್‌ಗಳಿದ್ದ ಸರಣಿಗೆ 130 ಕೋಟಿ ಡಾಲರ್ ಕೊಟ್ಟಿತು. 1999ರಲ್ಲಿ ವಾರಗಟ್ಟಲೆ ತಂಗುವವರಿಗಾಗಿ ಸ್ಟುಡಿಯೋ 6 ಶುರು ಮಾಡಿತು. ಆದರೆ ಅಕೋರ್ ಕಾಲದ ದೊಡ್ಡ ತಿರುವು 1996ರದು. ಆ ವರ್ಷ ಮೋಟೆಲ್ 6 ಮೊದಲ ಸಲ ಫ್ರಾಂಚೈಸಿ ಕೊಡಲು ಮುಂದಾಯಿತು.

[ದೃಶ್ಯ: ಒಂದು ಮೋಟೆಲ್ ಚಿತ್ರ ಮೂರು ಪದರವಾಗಿ ಬೇರೆಯಾಗುತ್ತದೆ: ನೆಲ ಮತ್ತು ಕಟ್ಟಡ, ದಿನನಿತ್ಯದ ಕೆಲಸ, ಬೋರ್ಡು.]

ಇಲ್ಲಿ ಸ್ವಲ್ಪ ನಿಲ್ಲೋಣ. ಫ್ರಾಂಚೈಸಿ ಅಂದರೆ ಕಟ್ಟಡ ಬೇರೆಯವರದು, ಬ್ಯಾಂಕ್ ಸಾಲ ಅವರದು, ಕೆಲಸದವರ ಸಂಬಳ ಅವರದು. ಕಂಪನಿ ಕೊಡುವುದು ಹೆಸರು, ಬುಕಿಂಗ್ ವ್ಯವಸ್ಥೆ, ಜಾಹೀರಾತು ಮತ್ತು ರೂಮು ಹೇಗಿರಬೇಕು ಅನ್ನೋ ನಿಯಮ. ಬದಲಿಗೆ ಬಾಡಿಗೆಯ ಒಟ್ಟು ವಸೂಲಿಯಲ್ಲಿ ಒಂದು ಪಾಲು, ಅದಕ್ಕೆ ರಾಯಲ್ಟಿ ಅನ್ನುತ್ತಾರೆ. ಲಾಭದಲ್ಲಿ ಅಲ್ಲ, ಒಟ್ಟು ವಸೂಲಿಯಲ್ಲಿ. ಮೋಟೆಲ್ ನಷ್ಟದಲ್ಲಿದ್ದರೂ ಆ ಪಾಲು ಹೋಗಲೇಬೇಕು.

ಈ ಕಟ್ಟಡಗಳನ್ನು ಕೊಂಡು ನಡೆಸುವವರು ಯಾರು? ಬಹಳಷ್ಟು ಮಂದಿ ಗುಜರಾತ್ ಮೂಲದವರು. 1940ರ ದಶಕದಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಹೋಟೆಲ್ ಹಿಡಿದವರು. 70, 80ರ ದಶಕದಲ್ಲಿ ಹೆದ್ದಾರಿ ಮೋಟೆಲ್‌ಗಳಿಗೆ ಬಂದರು. ಕೌಂಟರ್ ಹಿಂದಿನ ಎರಡು ರೂಮಿನಲ್ಲೇ ಸಂಸಾರ. ಗಂಡ ಕೌಂಟರ್‌ನಲ್ಲಿ, ಹೆಂಡತಿ ಹಾಸಿಗೆ ಬಟ್ಟೆ ಒಗೆಯುವುದರಲ್ಲಿ, ಶಾಲೆಯಿಂದ ಬಂದ ಮಕ್ಕಳು ಫೋನ್ ಎತ್ತುವುದರಲ್ಲಿ. ಪಕ್ಕದ ಮೋಟೆಲ್‌ನವರು 'ಅಮೆರಿಕನ್ನರ ಒಡೆತನದ್ದು' ಅಂತ ಬೋರ್ಡು ಹಾಕಿ ಗಿರಾಕಿಗಳನ್ನು ಸೆಳೆದ ಕಾಲವನ್ನೂ ಇವರು ನೋಡಿದ್ದಾರೆ. 1989ರಲ್ಲಿ ಹುಟ್ಟಿದ ಆಹೋವಾ ಅನ್ನೋ ಏಷ್ಯನ್ ಮೂಲದ ಹೋಟೆಲ್ ಮಾಲೀಕರ ಸಂಘ ಹೇಳುವ ಪ್ರಕಾರ, ಇವತ್ತು ಅಮೆರಿಕದ ನೂರರಲ್ಲಿ ಸುಮಾರು 60 ಹೋಟೆಲ್‌ಗಳು ಅದರ ಸದಸ್ಯರವು.

ಈಗ ಬ್ಲ್ಯಾಕ್‌ಸ್ಟೋನ್ ಕಡೆ ಬರೋಣ. 2012ರಲ್ಲಿ ಅದು ಕೊಂಡಾಗ ನೂರಾರು ಮೋಟೆಲ್‌ಗಳ ಆಸ್ತಿ ಕಂಪನಿಯ ಕೈಯಲ್ಲೇ ಇತ್ತು. ಸರಣಿಯನ್ನು ನೋಡಿಕೊಳ್ಳುವ ಕಂಪನಿಗೆ ಜಿ6 ಹಾಸ್ಪಿಟಾಲಿಟಿ ಅಂತ ಹೆಸರು. ಮುಂದಿನ ವರ್ಷಗಳಲ್ಲಿ ಆ ಆಸ್ತಿಗಳನ್ನು ಬಿಡಿಬಿಡಿಯಾಗಿ ಮಾರುತ್ತಾ ಹೋದರು. ಕೊಂಡವರು ಫ್ರಾಂಚೈಸಿಗಳಾದರೆ ಬೋರ್ಡು ಇಳಿಯುವುದಿಲ್ಲ, ರಾಯಲ್ಟಿ ಬರುತ್ತಲೇ ಇರುತ್ತದೆ. ಅಡಿಕೆ ತೋಟ ಮಾರಿಯೂ ಮಂಡಿಯ ಕಮಿಷನ್ ಕೈಯಲ್ಲಿ ಇಟ್ಟುಕೊಂಡ ಹಾಗೆ.

190 ಕೋಟಿ ಮತ್ತು 52.5 ಕೋಟಿಯ ನಡುವಿನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. 2012ರಲ್ಲಿ ಬ್ಲ್ಯಾಕ್‌ಸ್ಟೋನ್ ಕೊಂಡದ್ದು ನೆಲ, ಕಟ್ಟಡ, ಹೆಸರು ಎಲ್ಲವನ್ನೂ. 2024ರಲ್ಲಿ ಓಯೋ ಕೊಂಡದ್ದು ಹೆಸರನ್ನು ಮತ್ತು ಫ್ರಾಂಚೈಸಿ ಕರಾರುಗಳನ್ನು. ಬೇರೆ ವಸ್ತು, ಬೇರೆ ಬೆಲೆ.

ಹಾಗಾದರೆ ಬರೀ ಬೋರ್ಡಿಗೆ 52.5 ಕೋಟಿ ಡಾಲರ್ ಜಾಸ್ತಿ ಆಯ್ತಾ? ಲೆಕ್ಕ ನೋಡಿ. ಮಾರಾಟದ ಸಮಯದಲ್ಲಿ ಕೊಟ್ಟ ಅಂಕಿ ಪ್ರಕಾರ ಎಲ್ಲ ಮೋಟೆಲ್‌ಗಳ ಬಾಡಿಗೆ ವಸೂಲಿ 170 ಕೋಟಿ ಡಾಲರ್. ಸುಮಾರು 1,500 ಮೋಟೆಲ್‌ಗೆ ಹಂಚಿದರೆ ಒಂದಕ್ಕೆ ವರ್ಷಕ್ಕೆ ಸರಾಸರಿ 11 ಲಕ್ಷ ಡಾಲರ್ ಚಿಲ್ಲರೆ. ಉದಾಹರಣೆಗೆ ನೂರಕ್ಕೆ 5ರಂತೆ ರಾಯಲ್ಟಿ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 8.5 ಕೋಟಿ ಡಾಲರ್. ಛಾವಣಿ ಸೋರಿದರೆ, ಹಾಸಿಗೆ ಹಾಳಾದರೆ ಅದರ ಖರ್ಚು ಇವರದಲ್ಲ. ಕೊಳ್ಳುವವರಿಗೆ ಇದು ಯಾಕೆ ಇಷ್ಟವಾಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಆದರೆ ಒಡೆತನ ಹೀಗೆ ಹರಡಿದಾಗ ಹೊಣೆ ಯಾರದು? 2017ರಲ್ಲಿ ನಡೆದದ್ದನ್ನು ಮರೆಯಬಾರದು. ಅರಿಜೋನಾದ ಫೀನಿಕ್ಸ್‌ನಲ್ಲಿ ಮೋಟೆಲ್ 6 ಸಿಬ್ಬಂದಿ ತಂಗಿದವರ ಪಟ್ಟಿಯನ್ನು ವಲಸೆ ಇಲಾಖೆಯ ಅಧಿಕಾರಿಗಳಿಗೆ ಕೊಡುತ್ತಿದ್ದರು ಅನ್ನೋದು ಬಯಲಾಯಿತು. ವಾಷಿಂಗ್ಟನ್ ರಾಜ್ಯದಲ್ಲೂ ಸುಮಾರು 80,000 ಅತಿಥಿಗಳ ವಿವರ ಹೀಗೆ ಹೋಗಿತ್ತು. ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. 2019ರಲ್ಲಿ ಕಂಪನಿ 1.2 ಕೋಟಿ ಡಾಲರ್ ಕೊಡಲು ಒಪ್ಪಿತು. ಅಲ್ಲಿನವು ಕಂಪನಿಯೇ ನಡೆಸುತ್ತಿದ್ದ ಮೋಟೆಲ್‌ಗಳು. ಹಾಗಾಗಿ ನೇರವಾಗಿ ಕಂಪನಿಯನ್ನೇ ಕೇಳಬಹುದಾಗಿತ್ತು. ನಡೆಸುವವನು ಫ್ರಾಂಚೈಸಿ ಆಗಿದ್ದರೆ ಅದು ನಮ್ಮ ಸಿಬ್ಬಂದಿ ಅಲ್ಲ ಅನ್ನೋ ಉತ್ತರ ಬರಬಹುದಿತ್ತು. ಒಂದು ರಾತ್ರಿ ಮಲಗಲು ಬಂದು ಹೆಸರು ಬರೆಸಿದವರಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅವರು ನಂಬಿದ್ದು ಬೋರ್ಡನ್ನು.

[ದೃಶ್ಯ: ಬೆಂಗಳೂರಿನ ಮೆಜೆಸ್ಟಿಕ್ ಸುತ್ತಲಿನ ಲಾಡ್ಜ್‌ಗಳು. ಕೆಂಪು ಬೋರ್ಡು.]

ಇನ್ನು ಓಯೋ. ಒಡಿಶಾದ ರಿತೇಶ್ ಅಗರ್ವಾಲ್ 2013ರಲ್ಲಿ ಶುರು ಮಾಡಿದ್ದು. ಬೆಂಗಳೂರಿನ ಗಾಂಧಿನಗರದ ಗಲ್ಲಿಗಳಲ್ಲಿ ಓಡಾಡಿದವರಿಗೆ ಇದರ ರೀತಿ ಗೊತ್ತಿದೆ. ಹಳೆಯ ಲಾಡ್ಜ್, ಹಳೆಯ ಮಾಲೀಕ, ಮೇಲೆ ಕೆಂಪು ಬೋರ್ಡು. ಬೆಳೆಯುವ ಭರದಲ್ಲಿ ಓಯೋ ಬಹಳಷ್ಟು ಮಾಲೀಕರಿಗೆ ತಿಂಗಳಿಗೆ ಕನಿಷ್ಠ ಇಷ್ಟು ಕೊಟ್ಟೇ ಕೊಡುತ್ತೇವೆ ಅಂತ ಖಾತ್ರಿ ಕೊಟ್ಟಿತ್ತು. ರೂಮು ಖಾಲಿ ಬಿದ್ದರೆ ನಷ್ಟ ಓಯೋದ್ದೇ. ಕೊರೊನಾ ಬಂದ ಮೇಲೆ ಆ ಖಾತ್ರಿಯಿಂದ ಹಿಂದೆ ಸರಿಯಿತು. 2022ರಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್ ಮತ್ತು ಓಯೋಗೆ ದಂಡ ಹಾಕಿತು, ಓಯೋ ಪಾಲಿಗೆ 168.88 ಕೋಟಿ ರೂಪಾಯಿ. ಓಯೋದ ಪ್ರತಿಸ್ಪರ್ಧಿಗಳಾದ ಟ್ರೀಬೋ ಮತ್ತು ಫ್ಯಾಬ್‌ಹೋಟೆಲ್ಸ್‌ಗಳನ್ನು ಮೇಕ್‌ಮೈಟ್ರಿಪ್‌ನ ಬುಕಿಂಗ್ ಪಟ್ಟಿಯಿಂದ ಹೊರಗಿಟ್ಟ ವಿಚಾರದಲ್ಲಿ ಅದು. ಕಂಪನಿಗಳು ಮೇಲ್ಮನವಿಗೆ ಹೋದವು.

ಓಯೋ ಯಾರದ್ದು? 2021ರಲ್ಲಿ ಷೇರು ಮಾರುಕಟ್ಟೆಗೆ ಬರಲು ಸಲ್ಲಿಸಿದ ದಾಖಲೆ ಪ್ರಕಾರ, ನೂರರಲ್ಲಿ 46ಕ್ಕೂ ಹೆಚ್ಚು ಪಾಲು ಜಪಾನಿನ ಸಾಫ್ಟ್‌ಬ್ಯಾಂಕ್‌ನದು. ರಿತೇಶ್ ಮತ್ತು ಅವರ ಹೋಲ್ಡಿಂಗ್ ಕಂಪನಿಯದು ಸುಮಾರು 33. ಆ ಷೇರು ಮಾರಾಟ ನಡೆಯಲೇ ಇಲ್ಲ. 2025ರಲ್ಲಿ ಮೂಲ ಕಂಪನಿ ಒರಾವೆಲ್ ಸ್ಟೇಸ್ ತನ್ನ ಹೆಸರನ್ನು ಪ್ರಿಸಂ ಅಂತ ಬದಲಿಸಿಕೊಂಡಿತು.

2024ರ ಡಿಸೆಂಬರ್‌ನಲ್ಲಿ ಮೋಟೆಲ್ 6 ಖರೀದಿ ಪೂರ್ತಿ ಆಯಿತು. ಗುಜರಾತಿ ಕುಟುಂಬಗಳಿಂದ ರಾಯಲ್ಟಿ ವಸೂಲಿ ಮಾಡುವ ಕಡೆ ಈಗ ಕೂತಿರುವುದು ಭಾರತದ್ದೇ ಕಂಪನಿ. ನಮ್ಮವರು ಅಮೆರಿಕದ ಹೆಸರಾಂತ ಸರಣಿ ಕೊಂಡರು ಅಂತ ಇಲ್ಲಿ ಬಹಳ ಮಂದಿ ಸಂತೋಷಪಟ್ಟರು. ನನಗೂ ಸಂತೋಷವಾಯಿತು. ಆದರೆ ಸಾಲ ತೀರಿಸುತ್ತಾ, ಸೋರುವ ಛಾವಣಿ ಸರಿಮಾಡಿಸುತ್ತಾ ಮೋಟೆಲ್ ನಡೆಸುವವರೂ ನಮ್ಮವರೇ. ನನ್ನ ಕಾಳಜಿ ಹೆಚ್ಚು ಅವರ ಮೇಲಿದೆ.

ಆಹೋವಾ ಸಂಘ 1998ರಲ್ಲೇ ನ್ಯಾಯವಾದ ಫ್ರಾಂಚೈಸಿಗೆ 12 ಅಂಶಗಳನ್ನು ಪಟ್ಟಿ ಮಾಡಿತ್ತು. ಕರಾರು ಅರ್ಧಕ್ಕೆ ಬಿಟ್ಟರೆ ವಿಪರೀತ ದಂಡ ಹಾಕಬಾರದು. ಒಬ್ಬರ ಮೋಟೆಲ್ ಪಕ್ಕದಲ್ಲೇ ಇನ್ನೊಬ್ಬರಿಗೆ ಅದೇ ಬೋರ್ಡು ಕೊಡಬಾರದು. ಇಂಥವರ ಹತ್ತಿರವೇ ಸಾಮಾನು ಕೊಳ್ಳಿ ಅಂತ ಒತ್ತಾಯಿಸಿ ಅದರಲ್ಲಿ ಕಮಿಷನ್ ಹೊಡೆಯಬಾರದು. ಇವೆಲ್ಲ ಇವತ್ತಿಗೂ ಎಲ್ಲ ದೊಡ್ಡ ಸರಣಿಗಳ ಜೊತೆ ನಡೆಯುತ್ತಿರುವ ಜಗಳಗಳೇ.

ಇದರಲ್ಲಿ ಕಣ್ಣಿಡಲು ಒಂದು ಒಳ್ಳೆ ದಾರಿ ಇದೆ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ, ಸಹಿ ಹಾಕಿಸುವ ಕನಿಷ್ಠ 14 ದಿನ ಮೊದಲು ಒಂದು ವಿವರ ಪತ್ರ ಕೊಡಲೇಬೇಕು. ಎಲ್ಲ ಶುಲ್ಕಗಳು ಅದರಲ್ಲಿರುತ್ತವೆ. ಹಿಂದಿನ ಮೂರು ವರ್ಷಗಳಲ್ಲಿ ಎಷ್ಟು ಹೊಸ ಫ್ರಾಂಚೈಸಿ ಸೇರಿದರು, ಎಷ್ಟು ಮಂದಿ ಬಿಟ್ಟುಹೋದರು ಅನ್ನೋ ಕೋಷ್ಟಕವೂ ಇರುತ್ತದೆ. ಓಯೋ ಕೈಗೆ ಬಂದ ಮೇಲೆ ಆ ಕೋಷ್ಟಕ ಹೇಗೆ ಬದಲಾಗುತ್ತಿದೆ ಅಂತ ನೋಡಿ. ಮೊದಲು ಬಿಟ್ಟುಹೋದವರ ಸಾಲನ್ನೇ ಓದಿ.