ಆನೆಗೆ ಕಬ್ಬು ಕೊಟ್ಟ ಸಂಜೆ

ನಮಸ್ಕಾರ. ಇವತ್ತು ಅಪ್ಪ ಅಮ್ಮಂದಿರೇ ಜಾಸ್ತಿ ಬಂದಿದ್ದೀರಿ. ಮಕ್ಕಳು ಹೊರಗೆ ಆಡುತ್ತಿದ್ದಾರೆ, ಗಲಾಟೆ ಇಲ್ಲಿಗೂ ಕೇಳಿಸುತ್ತಿದೆ. ಕೇಳಿಸಲಿ ಬಿಡಿ.

ನನಗೆ ಆರು ವರ್ಷವಿದ್ದಾಗ ನಾವು ಮಂಡ್ಯ ಬಿಟ್ಟು ಮೈಸೂರಿಗೆ ಬಂದೆವು. ಚಾಮುಂಡಿಪುರಂನಲ್ಲಿ ಒಂದು ವಠಾರ. ಏಳು ಮನೆ, ಒಂದು ನಲ್ಲಿ. ಊರಿನ ದಸರಾ ಮುಗಿದು ವಾರವಾಗಿತ್ತು, ವಠಾರದ ಹುಡುಗರ ದಸರಾ ಮುಗಿದಿರಲಿಲ್ಲ. ದಿನಾ ಸಂಜೆ ಜಂಬೂಸವಾರಿ. ಒಬ್ಬ ಹುಡುಗ ಮಂಡಿಯೂರಿ ಆನೆಯಾಗುತ್ತಿದ್ದ. ಬೆನ್ನ ಮೇಲೆ ಹಳೆ ಸೀರೆಯ ಜೂಲು, ಅದರ ಮೇಲೆ ಒಂದು ದಿಂಬು. ಅರಮನೆಯ ಚಿನ್ನದ ಅಂಬಾರಿ 750 ಕಿಲೋ. ನಮ್ಮದು ಹತ್ತಿಯದು, ಆದರೂ ಆನೆ ಅಷ್ಟೂ ಭಾರ ಹೊತ್ತ ಹಾಗೆ ತೂಗಾಡುತ್ತಿತ್ತು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಅಲ್ವಾ? ನಮಗೆ ತುಳಸಿಕಟ್ಟೆ ಅರಮನೆ, ನಲ್ಲಿ ಬನ್ನಿಮಂಟಪ. 21 ಕುಶಾಲತೋಪನ್ನು ಬಾಯಲ್ಲೇ ಹಾರಿಸುತ್ತಿದ್ದರು. ಹದಿನಾಲ್ಕಕ್ಕೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ ಢಂ.

ನಾನು ಕಂಬ ಹಿಡಿದು ನೋಡುತ್ತಿದ್ದೆ. ಎರಡನೇ ದಿನಕ್ಕೆ ನಮ್ಮವ್ವನಿಗೆ ತಡೆಯಲಾಗಲಿಲ್ಲ. ‘ಹೋಗವ್ವ, ಹಿಂಗ್ ನಿಂತ್ಕಂಡಿದ್ರೆ ಯಾರ್ ಸೇರಿಸ್ಕತ್ತಾರೆ?’ ಅಂತ ತಳ್ಳಿದಳು. ಹೋಗಿ ಕೇಳಿದೆ: ‘ನಾನೂ ಬರ್ಲಾ?’

‘ಬೇಡ’ ಅಂದಿತು ಆನೆ. ಆನೆ ಮಾತಾಡಿದ್ದಕ್ಕೆ ಮಾವುತ ಬೈದ. ನಾನು ವಾಪಸ್ ಕಂಬದ ಹತ್ತಿರ.

ಹೀಗೆ ನಿಂತು ನೋಡುವ ಮಗುವನ್ನು ಕಂಡರೆ ನಮಗೆ ಕರುಳು ಚುರುಕ್ ಅನ್ನುತ್ತದೆ. ಪಾಪ, ಯಾರೂ ಜೊತೆಗಿಲ್ಲ ಅನ್ನುತ್ತೇವೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ಶಿಶುವಿಹಾರದ ಮಕ್ಕಳನ್ನು ಗಮನಿಸಿ 1932ರಲ್ಲಿ ಬರೆದರು. ಒಬ್ಬರೇ ಆಡುವುದು, ಪಕ್ಕಪಕ್ಕ ಕೂತು ತಮ್ಮ ಪಾಡಿಗೆ ಆಡುವುದು, ಕೂಡಿ ಆಡುವುದು ಇವೆಲ್ಲದರ ಜೊತೆಗೆ, ನಿಂತು ನೋಡುವುದಕ್ಕೂ ಅವರು ಒಂದು ಜಾಗ ಕೊಟ್ಟರು. ನಾನೂ ಅಲ್ಲಿ ಸುಮ್ನೆ ನಿಂತಿರಲಿಲ್ಲ. ಯಾರ ಮಾತು ನಡೆಯುತ್ತದೆ, ಆನೆ ಎಲ್ಲಿ ತಿರುಗುತ್ತದೆ, ಎಲ್ಲ ಕಲಿಯುತ್ತಿದ್ದೆ. ನೋಡ್ತಾ ನೋಡ್ತಾ ಒಂದು ಕೊರತೆ ಕಣ್ಣಿಗೆ ಬಿತ್ತು. ಆ ಆನೆಗೆ ಯಾರೂ ಮೇವು ಹಾಕುತ್ತಿರಲಿಲ್ಲ!

ಮೂರನೇ ದಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಹೋದೆ. ಯಾರನ್ನೂ ಏನೂ ಕೇಳಲಿಲ್ಲ. ಆನೆಯ ಮೂತಿಗೆ ಹಿಡಿದು ‘ತಕ್ಕೊ, ಮಂಡ್ಯದ ಕಬ್ಬು’ ಅಂದೆ. ಆನೆ ನನ್ನನ್ನು ನೋಡಿತು, ಕಡ್ಡಿಯನ್ನು ನೋಡಿತು. ಸೊಂಡಿಲು ಚಾಚಿ ಎಳೆದುಕೊಂಡು ಕರುಂ ಕುರುಂ ಅಂತ ಅಗಿಯಿತು. ‘ಇವಳು ಕಾವಾಡಿ’ ಅಂದ ಮಾವುತ. ಕಾವಾಡಿ ಅಂದರೆ ಮಾವುತನ ಸಹಾಯಕ.

ಕೋಲು ಮಗುವಿಗೆ ಕುದುರೆಯಾಗುತ್ತದೆ, ಪೋಸ್ಟ್‌ಕಾರ್ಡ್ ಕುದುರೆಯಾಗುವುದಿಲ್ಲ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಹೇಳಿದ್ದರು. ಹೌದಲ್ಲ, ಕಾಲ ನಡುವೆ ಇಟ್ಟುಕೊಂಡು ಓಡಬೇಕಲ್ಲ! ನನ್ನ ಕಡ್ಡಿಯೂ ಉದ್ದಕ್ಕಿತ್ತು, ಬಾಯಿಗೆ ಹಿಡಿಯಲು ಬರುತ್ತಿತ್ತು. ಆದರೆ ನಾನೊಬ್ಬಳೇ ಕಬ್ಬು ಅಂದಿದ್ದರೆ ಅದು ಪೊರಕೆ ಕಡ್ಡಿಯಾಗೇ ಉಳಿಯುತ್ತಿತ್ತು. ಅವನು ಅಗಿದ ಮೇಲೆ ಕಬ್ಬಾಯಿತು. ನನ್ನ ಲೆಕ್ಕದಲ್ಲಿ ನಮ್ಮ ಸ್ನೇಹ ಶುರುವಾಗಿದ್ದು ಆ ‘ಕರುಂ ಕುರುಂ’ನಲ್ಲಿ.

ಮೊದಲ ಒಂದು ವಾರ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡವರು ಈ ಮಾತನ್ನು ಚುಚ್ಚಲು ಬಳಸುತ್ತಾರೆ. ಮಕ್ಕಳ ಕಾನೂನಿನಲ್ಲಿ ಅದು ಹೊಸಬರಿಗೆ, ಚಿಕ್ಕವರಿಗೆ ಕೊಡುವ ರಿಯಾಯಿತಿ. ಆಡಬಹುದು, ತಪ್ಪು ಮಾಡಿದರೂ ಔಟ್ ಇಲ್ಲ. ನಮ್ಮ ಆಫೀಸುಗಳಲ್ಲಿ ಈ ಕಾನೂನು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಪಾರ್ಕಿನಲ್ಲಿ ‘ಹೋಗು, ಹೆಸರೇನು ಅಂತ ಕೇಳು’ ಅಂತ ಮಗುವನ್ನು ತಳ್ಳುತ್ತೇವಲ್ಲ, ಎರಡು ದಿನ ತಡೆಯಿರಿ. ನನ್ನ ಆನೆಯ ಹೆಸರು ನನಗೆ ಗೊತ್ತಾಗಿದ್ದು ಇನ್ನೂ ನಾಲ್ಕು ದಿನ ಬಿಟ್ಟು, ಅವನ ಅಮ್ಮ ಊಟಕ್ಕೆ ಕೂಗಿದಾಗ. ಅವನು ತಟ್ಟನೆ ಎದ್ದು ಎರಡೇ ಕಾಲಲ್ಲಿ ಮನೆಗೆ ಓಡಿದ. ಜೂಲು, ಅಂಬಾರಿ ಎರಡೂ ನನ್ನ ಕೈಲಿ ಉಳಿದವು.